ಬೋಕಿ

ಪಾಟರಿ ಟೌನಿನ ನಮ್ಮ ಗಲ್ಲಿಯಲ್ಲಿ
ಗ್ರೀಸು ಎಲ್ಲಿದೆಯೆಂದು ಯಾರೂ ಕೇಳುವುದಿಲ್ಲ.
"ಕಾಲೇಜಲ್ಲಿ ಏನ್ ಹೇಳ್ಕೊಡ್ತೀಯಮ್ಮಾ?" ಅಂದವರಿಗೆ
"ಹಳೇ ಕತೆ" ಅಂದುಬಿಟ್ಟಿದ್ದೇನೆ, ಮೂವತ್ತೊಂದು ವರ್ಷ.

ಮಿಲ್ಲರ್ಸ್ ರೋಡಿನ ಸೆಮಿನರಿಯಲ್ಲಿ ಫಾದರ್ ಚೌರಪ್ಪ
ಸಂಜೆ ಆರಕ್ಕೆ ಆಲ್ಫಾ ತಿದ್ದಿಸುತ್ತಿದ್ದರು.
ದೇವರ ಮಾತು ಓದಲಿ ಎಂದು ಅವರು,
ಮಡಕೆ ಮೇಲಿನ ಮಾತು ಓದಲು ನಾನು.
ನನ್ನ ಉಗುರಲ್ಲಿ ಜೇಡಿ.
"ಕೈ ತೊಳ್ಕೊಂಡು ಬಾ" ಅಂದದ್ದು ಒಂದೇ ಸಲ.

ಥೀಸಿಸ್ಸಿನ ನಾಲ್ಕನೇ ಅಧ್ಯಾಯ, ಅಥೆನ್ಸಿನ ಪಾತ್ರೆ:
ಒಂದೇ ಮಣ್ಣು, ಒಂದೇ ಬೆಂಕಿ,
ಕಪ್ಪು ಬೇರೆ ಕೆಂಪು ಬೇರೆ ಆದದ್ದು ಹೇಗೆ?
ಜರ್ಮನ್ ಪಂಡಿತರ ಬೆನ್ನು ಹತ್ತಿ ಮೂವತ್ತೆಂಟು ಪುಟ ಬರೆದೆ.
ಫೋಟೋ ಅಪ್ಪನ ಮುಂದೆ ಹಿಡಿದೆ.
ಚಕ್ರ ನಿಲ್ಲಿಸಲಿಲ್ಲ ಅವನು. ಓರೆಗಣ್ಣಲ್ಲೇ ನೋಡಿ,
"ನಡುವೆ ಒಂದ್ಸಲ ಆವೆಗೆ ಉಸಿರು ಕಟ್ಸವ್ರೆ,
ಆಮ್ಯಾಕೆ ಬಿಟ್ಟವ್ರೆ.
ನುಣ್ಣನೆ ಮಣ್ಣು ಬಳಿದ ಕಡೆ ಕಪ್ಪು ಕೂತ್ಬಿಟ್ಟೈತೆ."

ಅಡಿಟಿಪ್ಪಣಿಯಲ್ಲಿ ಹಾಕಿದೆ: ಮುನಿವೆಂಕಟಪ್ಪ, ಮೌಖಿಕ.
ಗೈಡು ಕೆಂಪು ಶಾಯಿಯಲ್ಲಿ ಕೇಳಿದರು: ಯಾರಿವರು?
ತೆಗೆದುಹಾಕಿದೆ.
ಡಾಕ್ಟರ್ ಆದೆ. ಗಲ್ಲಿಯವರು ಬಿ.ಪಿ. ನೋಡೆಂದು ತೋಳು ಚಾಚಿದರು.

ವರ್ಷಕ್ಕೊಂದು ದಿನ ಕ್ಲಾಸಿಗೆ ಬೋಕಿ ಹೊತ್ತೊಯ್ಯುತ್ತಿದ್ದೆ,
ಅಪ್ಪನ ಅಂಗಳದ ಒಡಕು, ಅರ್ಧ ಗೋಣಿಚೀಲ.
"ಊರು ಬಿಡಿಸಬೇಕಾದವರ ಹೆಸರು ಗೀರಿ.
ಹತ್ತು ವರ್ಷ, ಅಷ್ಟೇ. ಮನೆ ಮಠ ಮುಟ್ಟುವಂತಿಲ್ಲ,
ತಿರುಗಿ ಬಂದರೆ ಮಾತಾಡಿಸಬೇಕು."
ಪ್ರಿನ್ಸಿಪಾಲರು, ಕಾರ್ಪೊರೇಟರು,
ಚಿಲ್ಲರೆ ಕೊಡದ ಕಂಡಕ್ಟರು
ಎಷ್ಟೋ ಸಲ ಗಡೀಪಾರಾದರು.

ಈ ಸಲ ನಮ್ಮ ಪತ್ರಿಕೆಗೇ ಆಯಿತು.
ಒಂದು ಸಾಲಿನ ಸುತ್ತೋಲೆ: ಕೈಬಿಡಲಾಗಿದೆ.
ಕೈ ಯಾರದೆಂದು ಬರೆದಿರಲಿಲ್ಲ.
ಅಥೆನ್ಸಿನವರಾದರೂ ಗೀರಿದರು, ಎಣಿಸಿದರು,
ಎದ್ದು ಹೋಗುವವನ ಮುಖ ನೋಡಿದರು.

ಕೊನೆಯ ಕ್ಲಾಸಿಗೆ ಆರು ಜನ.
ಐದು ಬೋಕಿಯಲ್ಲಿ ಕುಲಸಚಿವರು.
ಮುಬೀನಾಳದು ಖಾಲಿ.
"ಓಡಿಸೋಕೆ ಯಾರೂ ಹೊಳೀಲಿಲ್ಲ ಮಿಸ್.
ಆದ್ರೆ ಇಲ್ಲಿ ಹಿಂದುಗಡೆ ನೋಡಿ, ಬೆರಳಚ್ಚು."

ಹೆಬ್ಬೆರಳು. ಎಡಗೈಯದು.
ಹಸಿ ಮಣ್ಣಿಗೆ ಒತ್ತಿ, ಬೆಂದು, ಉಳಿದದ್ದು.
ಈ ಆಷಾಢಕ್ಕೆ ಹತ್ತು ವರ್ಷ ಅವನು ಹೋಗಿ.

"ಯಾರದು ಮಿಸ್?"

ಹೆಸರು ಹೇಳಿದೆ. ಬರೆದುಕೊಂಡಳು, ತಲಕಟ್ಟು ತಪ್ಪಾಗಿ.
ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ.
ನಾನು ಬೋರ್ಡಿನ ಮೇಲೆ ಆವೆಯೊಂದನ್ನು ಬರೆಯತೊಡಗಿದೆ,
ಉಸಿರಾಡುವ ಕಿಂಡಿಯಿಂದ ಶುರುಮಾಡಿ.