ಹನ್ನೊಂದು ಸೆಕೆಂಡು

ಹಾರ್ಲನ್ ಟೀಗ್ ಅವರ ಉಸಿರು ನನಗೆ ಗೊತ್ತು.
ಅವರ ಹೆಂಡತಿಗಿಂತ ಚೆನ್ನಾಗಿ ಅಂದರೆ ತಪ್ಪಾದೀತು,
ಆದರೆ ಗೊತ್ತು.
'ಕರ್ತನು' ಎನ್ನುವ ಮುಂಚೆ ಮೂಗಿನಲ್ಲೊಂದು ಸಣ್ಣ ಸೀಟಿ,
'ಇಂಥವರು' ಎನ್ನುವ ಮುಂಚೆ, ಆ ವಾರ ಯಾರೇ ಆಗಿರಲಿ,
ನಾಲಿಗೆ ಹಲ್ಲಿಗೆ ತಾಗಿ ಚಿಟ್.

ಹತ್ತೊಂಬತ್ತು ವರ್ಷದಿಂದ ಕತ್ತರಿಸುತ್ತಿದ್ದೇನೆ.
ಅಮರಿಲ್ಲೊ ಊರಾಚೆ, ಗೋಧಿಯ ಎತ್ತರದ ಕಣಜಗಳು ಮುಗಿದ ಮೇಲೆ,
ಗಾಳಿ ತಿರುಗಿದರೆ ದನದ ದೊಡ್ಡಿ ಮೂಗಿಗೆ ಬಡಿಯುವಲ್ಲಿ,
ತಗಡಿನ ಮಾಡಿನ ಕೆಳಗೆ ನಮ್ಮ ಸ್ಟೇಷನ್.
ಕೆಲಸ ಇಷ್ಟೇ: ಅವರು ಒಂದು ಗಂಟೆ ಮಾತಾಡುತ್ತಾರೆ,
ನಾನು ಐವತ್ತೆರಡು ನಿಮಿಷ ಮಾಡುತ್ತೇನೆ.
ಕೆಮ್ಮು ಹೋಗುತ್ತದೆ. ಕಾಫಿಯ ಗುಟುಕು ಹೋಗುತ್ತದೆ.
'ನನಗೆ ತಿಳಿದ ಮಟ್ಟಿಗೆ' ಹೋಗುತ್ತದೆ.
'ಒಂದು ಕಾಲಕ್ಕೆ ನಾನೂ ಹಾಗೇ ಇದ್ದೆ' ಹೋಗುತ್ತದೆ,
ಯಾಕೆಂದರೆ ಅದನ್ನು ಹೇಳುವಾಗ ದನಿ ತಗ್ಗುತ್ತದೆ,
ಟ್ರಕ್ಕಿನ ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸದು.

ತೂರಿ, ಕೇರಿ, ಹೊಟ್ಟು ಹಾರಿಸಿ
ಉಳಿದದ್ದನ್ನು ಏಳು ರಾಜ್ಯಗಳಿಗೆ ಕಳಿಸುತ್ತೇನೆ.
ಉಳಿದದ್ದನ್ನೇ ಜನ ಕ್ರೈಸ್ತ ಧರ್ಮ ಅನ್ನುತ್ತಾರೆ,
ಪೆಟ್ರೋಲ್ ಬಂಕಿನಲ್ಲಿ, ಕ್ಷೌರದಂಗಡಿಯಲ್ಲಿ,
ನನ್ನ ಮನೆಯಲ್ಲೇ, ಥ್ಯಾಂಕ್ಸ್‌ಗಿವಿಂಗ್ ದಿನ
ಟೆಸ್ಸಾ ತಟ್ಟೆ ಮುಟ್ಟದೆ ಎದ್ದು ಕೋಟು ಹಾಕಿಕೊಳ್ಳುವಾಗ:
"ನಿಮ್ಮ ದೇವರು ಯಾವಾಗಲೂ ಕೂಗುತ್ತಾನಲ್ಲ ಅಪ್ಪಾ,
ಅವನಿಗೆ ಕಿವಿ ಮಂದವೇ?"

ಗ್ರೇವಿಯ ಸೌಟು ಕೈಯಲ್ಲೇ ಇತ್ತು.

ನಮ್ಮ ಬೀದಿಯ ಕೊನೆಗೆ ವರ್ಲೀನ್ ಸ್ಟ್ರಿಕ್ಲರ್.
ಅವಳೂ ಕತ್ತರಿಸುವವಳೇ.
ಮಂಗಳವಾರ ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ
ಸೇತುವೆ ಕೆಳಗೆ ಮಲಗುವವರ ಕಾಲುಗುರು ತೆಗೆಯುತ್ತಾಳೆ.
ಪ್ಲಾಸ್ಟಿಕ್ ಬೋಗುಣಿ, ಬಿಸಿನೀರು, ಒಂದು ಹಿಡಿ ಉಪ್ಪು.
ಕಾರ್ಯಕ್ರಮಕ್ಕಾದೀತೆಂದು ಒಮ್ಮೆ ಮೈಕು ಹಿಡಿದು ಹೋದೆ.
ನಲವತ್ತು ನಿಮಿಷ:
ನೀರು. ಕತ್ತರಿ. "ನೋವಾಯ್ತಾ?" ನೀರು.
ಪ್ರಸಾರಕ್ಕೆ ಒಂದು ವಾಕ್ಯವೂ ಸಿಗಲಿಲ್ಲ.

ಮಾರ್ಚಿನಲ್ಲಿ ಕ್ಲೋವಿಸ್‌ನಿಂದ ಒಬ್ಬ ಹೆಂಗಸು ಫೋನ್ ಮಾಡಿದಳು.
ಜಗಳಕ್ಕಲ್ಲ, ಪ್ರಾರ್ಥನೆಗೂ ಅಲ್ಲ.
ಊಟದ ಹೊತ್ತಿಗೆ ನಿಮ್ಮ ಕಾರ್ಯಕ್ರಮ ಹಚ್ಚಿತ್ತು ಸರ್, ಅಂದಳು,
ನಮ್ಮ ಹುಡುಗ ಕೇಳುತ್ತಾ ಕೇಳುತ್ತಾ ಎದ್ದು ಹೋದ,
ವರ್ಷವಾಯಿತು.
"ಅವನ ತಟ್ಟೆ ಇನ್ನೂ ಇಡುತ್ತೇನೆ. ಇಡಲೋ, ಬೇಡವೋ?"

ಟೀಗ್ ಮಾತಾಡಲಿಲ್ಲ.
ಸೀಟಿಯಿಲ್ಲ, ಚಿಟ್ ಇಲ್ಲ.
ಕುರ್ಚಿ ಒಮ್ಮೆ ಕಿರುಗುಟ್ಟಿತು. ಏನೋ ನುಂಗಿದ ಸದ್ದು.
ಹೊರಗೆ ದೂರದಲ್ಲಿ ಒಂದು ಕರು.
ಹನ್ನೊಂದು ಸೆಕೆಂಡು. ಆಮೇಲೆ, "ಮುಂದಿನ ಕರೆ."

ನನ್ನ ಕೈ ಹೋಗಿ ಅದನ್ನು ಆಯ್ದುಕೊಂಡಿತು, ಅಭ್ಯಾಸಬಲ.
ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು
ಎಷ್ಟು ಹೊತ್ತು ಕೂತೆನೋ.
ಈ ಮನುಷ್ಯನ ಬಾಯಿಂದ ನಾನು ಕೇಳಿದ
ಮೊದಲ ಧರ್ಮೋಪದೇಶ ಅದು, ಅನ್ನಿಸಿತು.
ಹಾಗೆಯೇ ಬಿಟ್ಟೆ. ಶನಿವಾರ ಸಂಜೆ ಪ್ರಸಾರವಾಯಿತು.

ಮರೆತೇಬಿಟ್ಟಿದ್ದೆ, ಟವರಿನ ಬುಡದಲ್ಲಿ ಒಂದು ಪೆಟ್ಟಿಗೆ ಇದೆ.
ಹತ್ತು ಸೆಕೆಂಡು ಸದ್ದಿಲ್ಲದಿದ್ದರೆ ಸ್ಟೇಷನ್ ಸತ್ತಿತೆಂದು ಬಗೆದು
ತಾನಾಗಿ ಹಳೆಯ ಟೇಪು ಹಾಕುತ್ತದೆ.
ಹಾಕಿತು.
ಹನ್ನೊಂದನೆಯ ಸೆಕೆಂಡಿನಲ್ಲಿ ಹನ್ನೆರಡು ವರ್ಷದ ಹಿಂದಿನ ಟೀಗ್,
ನನ್ನದೇ ಕೈಯಲ್ಲಿ ನುಣ್ಣಗಾದ ಟೀಗ್,
ಏಳು ರಾಜ್ಯಗಳ ಮೇಲೆ ಗುಡುಗಿದರು.

ಸೋಮವಾರ ನನ್ನ ಕೆಲಸ ಹೋಗಲಿಲ್ಲ. ಟೀಗ್ ಏನೂ ಕೇಳಲಿಲ್ಲ.
ಕಾಫಿ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು,
ಮೈಕು ಸರಿಮಾಡಿಕೊಂಡರು.

ರಾತ್ರಿ ಟೆಸ್ಸಾಳ ಮೆಸೇಜು, ಎಂಟು ತಿಂಗಳ ಮೇಲೆ:
"ಶನಿವಾರ ನಿಮ್ಮ ರೇಡಿಯೋ ಕೆಟ್ಟಿತ್ತಾ?"

ಅವಳು ಕೇಳುತ್ತಾಳೆ ಎಂದೇ ನನಗೆ ಗೊತ್ತಿರಲಿಲ್ಲ.
ಹೌದು ಎಂದು ಬರೆದೆ, ಅಳಿಸಿದೆ.
ಇಲ್ಲ ಎಂದು ಬರೆದೆ.
ಹತ್ತು ಸೆಕೆಂಡು ಕಾದು
ಕಳಿಸಿದೆ.