ರುಚಿ ನೋಡಬಾರದು

ಮೊದಲು ಕಿಟಕಿ ತೆಗೆಯಿರಿ.
ಹೊಗೆ ಹೋಗಲಿ ಅಂತಲ್ಲ, ಇನ್ನೂ ಹೊಗೆ ಎದ್ದೇ ಇಲ್ಲ.
ಬೈತಖೋಲದ ಒಣಮೀನಿನ ವಾಸನೆ ಒಳಗೆ ಬರಲಿ,
ಅಮೋನಿಯಾದ ಬಾಟಲಿ ತೆರೆಯುವ ಮುಂಚೆ
ಪರಿಚಯದ್ದೊಂದು ಮೂಗಿನಲ್ಲಿರಲಿ.

ಗೋಡೆಯ ಮೇಲಿನ ಹಲಗೆ ನೋಡಿ.
ಹದಿನಾಲ್ಕು ನಿಯಮ ಇದ್ದವು, ಐದನ್ನು ಉಪ್ಪುಗಾಳಿ ತಿಂದಿದೆ.
ಆರನೆಯದರಲ್ಲಿ ಉಳಿದದ್ದು 'ಬಾರದು' ಮಾತ್ರ.
ಏನು ಮಾಡಬಾರದು ಅಂತ ನನಗೂ ಗೊತ್ತಿಲ್ಲ,
ಸದ್ಯಕ್ಕೆ ಅದನ್ನೂ ಮಾಡಬೇಡಿ.

ಜಡೆ ಎತ್ತಿ ಕಟ್ಟಿ. ಅಬ್ಬಲಿ ದಂಡೆ ಇದ್ದರೆ ಇರಲಿ,
ಬರ್ನರಿನತ್ತ ಬಗ್ಗುವಾಗ ನೆನಪಿರಲಿ:
ಬೆಂಕಿಗೆ ಹೂವೂ ಒಂದೇ, ಕೂದಲೂ ಒಂದೇ.

ಆಮ್ಲವನ್ನು ನೀರಿಗೆ. ನೀರನ್ನು ಆಮ್ಲಕ್ಕಲ್ಲ.
ನಲವತ್ತೊಂದು ಬಾಯಿ, ಒಟ್ಟಿಗೆ.
ಇನ್ನೊಮ್ಮೆ.
ಪಾಗಿ, ನಿನ್ನ ತುಟಿ ಅಲ್ಲಾಡಿತು, ಶಬ್ದ ಬರಲಿಲ್ಲ.
ಕೋಡಿಬಾಗದಲ್ಲಿ ಕಾಳಿ ಸಮುದ್ರ ಸೇರುವುದು ನೋಡಿದ್ದೀಯಲ್ಲ,
ಹಾಗೆ, ದೊಡ್ಡದರೊಳಗೆ ಚಿಕ್ಕದು, ಅಂಚು ಹಿಡಿದು, ನಿಧಾನ.
ಹೌದು, ಭರತದ ಹೊತ್ತಿಗೆ ಸಮುದ್ರವೇ ಹೊಳೆಯೊಳಗೆ ನುಗ್ಗುತ್ತದೆ,
ನಿನ್ನಪ್ಪನಿಗೆ ಗೊತ್ತು, ನಿನಗೂ ಗೊತ್ತು.
ನನ್ನ ಹೋಲಿಕೆ ತಪ್ಪು. ನಿಯಮ ಸರಿ.
ನಗುವುದು ಸಾಕು.

ಲಿಟ್ಮಸ್ ಮುಗಿದಿದೆ. ಬೇಡಿಕೆ ಕಳಿಸಿ ಎರಡು ಮಳೆಗಾಲವಾಯಿತು.
ನಾಳೆ ಯಾರಾದರೂ ಮುರುಗಲು ಸಿಪ್ಪೆ ತನ್ನಿ,
ನಾಲ್ಕೇ ನಾಲ್ಕು, ಅಮ್ಮನನ್ನು ಕೇಳಿ ತನ್ನಿ.
ಊಟದ ಕಡಿಯಲ್ಲಿ ಅಷ್ಟು ಚೆಂದ ಕಾಣುವ ಕೆಂಪು
ಸೋಪಿನ ನೀರು ಸೋಕಿದರೆ ಹೇಗೆ ಮುಖ ಕೆಡಿಸಿಕೊಳ್ಳುತ್ತದೆ,
ತೋರಿಸುತ್ತೇನೆ.

ಈಗ ಒಂಬತ್ತನೆಯದು.
ಇದೊಂದಕ್ಕೆ ಪ್ರತಿ ಜೂನಿನಲ್ಲಿ ನಾನೇ ಬಣ್ಣ ಬಳಿಯುತ್ತೇನೆ.
ರುಚಿ ನೋಡಬಾರದು.

ಹೋದ ವರ್ಷ ಆ ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದಳು
ಸುಗಂಧಾ ಆಗೇರ, ಸಾಣಿಕಟ್ಟೆಯವಳು, ಹಾಸ್ಟೆಲ್ಲಿನ ಹುಡುಗಿ.
ಮೂರು ಬಟ್ಟಲು, ಮೂರೂ ಬಿಳಿ ಪುಡಿ, ಹೆಸರಿಲ್ಲ.
ಉಳಿದವರು ಜ್ವಾಲೆ ಹಚ್ಚಿ, ಕಣ್ಣು ಕಿರಿದು ಮಾಡಿ
ಹಳದಿಯೋ ಕೇಸರಿಯೋ ಅಂತ ಜಗಳಾಡುತ್ತಿದ್ದರು.
ಇವಳು ಬೆರಳ ತುದಿ ಅದ್ದಿ, ನಾಲಗೆಗಿಟ್ಟು ಹೇಳಿದಳು:
'ಇದು ಉಪ್ಪು ಟೀಚರ್. ನಮ್ಮದಲ್ಲ.
ಕೆಸರಿನ ರುಚಿಯೇ ಇಲ್ಲ.'

ಪಕ್ಕದ ಬಟ್ಟಲಲ್ಲಿದ್ದದ್ದು ಸೀಸದ ಸಕ್ಕರೆ.

ನಾನು ಕಿರುಚಿದ್ದು ಹೆಡ್‌ಮಾಸ್ತರರ ಕೋಣೆಗೆ ಕೇಳಿತಂತೆ.
ಎಂಟು ಸಲ ಬಾಯಿ ಮುಕ್ಕಳಿಸಿದಳು, ನಾನು ಎಣಿಸಿದೆ.
ಎರಡು ಅಂಕ ಕಳೆದೆ.
ಉತ್ತರ ಸರಿಯಿತ್ತು.

ಸೀಸದ ಸಕ್ಕರೆ ಸಿಹಿಯಂತೆ.
ಆ 'ಅಂತೆ' ಇದೆಯಲ್ಲ ಮಕ್ಕಳೇ,
ಅದನ್ನು ಮೊದಲು ಹೇಳಿದವನು ಯಾರು, ಆಮೇಲೆ ಎಷ್ಟು ದಿನ ಇದ್ದ,
ನಿಮ್ಮ ಪುಸ್ತಕದಲ್ಲಿಲ್ಲ. ನನ್ನದರಲ್ಲೂ ಇರಲಿಲ್ಲ.
ಈ ಹಲಗೆಯ ಒಂದೊಂದು ಸಾಲೂ
ಯಾರದೋ ನಾಲಗೆ, ಯಾರದೋ ಕಣ್ಣು.

ಅವತ್ತು ರಾತ್ರಿ ಭರಣಿಯಿಂದ ಒಂದು ಹರಳು ತೆಗೆದು
ಬಾಯಲ್ಲಿಟ್ಟುಕೊಂಡು ಕರಗುವವರೆಗೂ ನಿಂತಿದ್ದೆ.
ಐವತ್ತೆರಡು ವರ್ಷ ತಿಂದ ಉಪ್ಪು.
ಕೆಸರಿತ್ತು. ಹೌದು, ಕೊನೆಯಲ್ಲಿ, ಸ್ವಲ್ಪ.
ಇದು ಪರೀಕ್ಷೆಗೆ ಬರುವುದಿಲ್ಲ, ಬರೆದುಕೊಳ್ಳಬೇಡಿ.

ಇನ್ನೇನು? ಹಾಂ, ಒಡೆದರೆ ಹೇಳಿ.
ಪುಂಡಲೀಕ ಮಾಮನ ಹತ್ತಿರ ಉದ್ದನೆಯ ರಿಜಿಸ್ಟರ್ ಇದೆ.
ಬೈಯುವುದಿಲ್ಲ, ಹೆಸರು ಬರೆದುಕೊಳ್ಳುತ್ತಾನೆ ಅಷ್ಟೇ.
ಮೂರನೆಯ ಪುಟದಲ್ಲಿ ಅವನ ಅಪ್ಪನ ಅಕ್ಷರವಿದೆ:
ಬ್ಯೂರೆಟ್ ಒಂದು, ವಸುಧಾ ರಾಯ್ಕರ, ಹತ್ತನೇ ಬಿ.
ನಾನೇ. ಹೇಳಲು ನಾಲ್ಕು ದಿನ ತೆಗೆದುಕೊಂಡಿದ್ದೆ.
ಅಷ್ಟರಲ್ಲಿ ಬೇರೊಬ್ಬಳಿಗೆ ಏಟು ಬಿದ್ದಾಗಿತ್ತು.

ಗಂಟೆ ಹೊಡೆಯಿತು. ಕೈ ತೊಳೆದುಕೊಂಡು ಹೋಗಿ,
ಹನ್ನೊಂದಕ್ಕೆ ನಲ್ಲಿ ನಿಲ್ಲುತ್ತದೆ.
ಏನೂ ಮುಟ್ಟಿಲ್ಲ ಟೀಚರ್ ಅನ್ನಬೇಡ ಪಾಗಿ,
ಬೆಂಚು ಮುಟ್ಟಿದ್ದೀಯ.