ಮೂರು ಒಲೆಯ ಮನೆ

ಸಮುದ್ರ ಕಾಣುವ ಮನೆ ಎಂದಿದ್ದ ಬ್ರೋಕರ್. ಸುಳ್ಳಲ್ಲ.
ಬಚ್ಚಲಲ್ಲಿ ಬಕೆಟ್ಟು ಬೋರಲು ಹಾಕಿ
ತುದಿಗಾಲಲ್ಲಿ ಹತ್ತಿ ನಿಂತರೆ
ಟಯರ್ ಅಂಗಡಿಯ ತಗಡಿಗೂ ಮೊಬೈಲ್ ಟವರಿಗೂ ನಡುವೆ
ಬೆರಳಗಲ ನೀಲಿ.
ಅದಕ್ಕೆ ತಿಂಗಳಿಗೆ ಐನೂರು ಹೆಚ್ಚು.

ಹಬ್ಬುವಾಡದ ಆ ಗೇಟಿನ ಮೇಲೆ 'ಫ್ಯಾಮಿಲಿಗೆ ಮಾತ್ರ' ಎಂದಿತ್ತು.
ಅಕ್ಕತಂಗಿಯರು ಎಂದುಬಿಟ್ಟೆವು.
ಓನರ್ ಮೂವರನ್ನೂ ನೋಡಿದ:
ಶರಾವತಿ ಹೆಗಡೆಯ ಮೂಗುಬೊಟ್ಟು, ಅನ್ಸಿಲ್ಲಾಳ ಶಿಲುಬೆ,
ನನ್ನ ಖಾಕಿ, ಹೆಗಲಿನ ಚರ್ಮದ ಚೀಲ.
ಅಡ್ವಾನ್ಸ್ ಎರಡು ಸಲ ಎಣಿಸಿ
'ಹೋಲಿಕೆ ಇದೆ' ಎಂದ.

ಹೋಲಿಕೆ ಎಂತದ್ದು ಮಾರಾಯ್ರೆ.
ಶರಾವತಿ ಸಿರ್ಸಿ ಕಡೆಯವಳು, ಖಜಾನೆ ಕಚೇರಿ.
ತನ್ನ ತೆಂಗಿನಕಾಯಿಗೆ ಹೆಸರು ಬರೆದು ತಾರೀಕು ಹಾಕುತ್ತಾಳೆ,
ನೆಲ ಒರೆಸುವ ಬಟ್ಟೆಗೂ ಇಸ್ತ್ರಿ.
ಅನ್ಸಿಲ್ಲಾ ಬಿಣಗಾದವಳು, ಬ್ಯೂಟಿ ಪಾರ್ಲರು.
ಊರ ಹೆಂಗಸರ ಹುಬ್ಬೆಲ್ಲ ಸಮ ಮಾಡಿ ಬಂದು
ಒಂದು ಚಪ್ಪಲಿ ಬಾಗಿಲಲ್ಲಿ ಬಿಡುತ್ತಾಳೆ, ಇನ್ನೊಂದು ಫ್ರಿಜ್ಜಿನ ಮೇಲೆ.
ಅಲ್ಲಿಗೆ ಹೇಗೆ ಹೋಯಿತು? ಅವಳಿಗೂ ಗೊತ್ತಿಲ್ಲ.
ನಾನು ಮಾದೇವಿ, ಮಡಗಾಂವ್ ಬಸ್ಸಿನ ಕಂಡಕ್ಟರು.
ನಿದ್ದೆಯಲ್ಲೂ 'ಒಳಗೆ ಹೋಗ್ರಿ, ಒಳಗೆ ಹೋಗ್ರಿ' ಅನ್ನುತ್ತೇನಂತೆ.
ಪಕ್ಕದ ಚಾಪೆಯ ಶರಾವತಿ ಸರಿದು ಸರಿದು
ಒಂದು ರಾತ್ರಿ ಗೋಡೆಗೆ ಹಣೆ ಬಡಿದುಕೊಂಡಳು.

ಒಲೆಯ ಜಗಳ ಶುರುವಾದದ್ದು ಒಣಸಿಗಡಿಯಿಂದ.
ಅನ್ಸಿಲ್ಲಾ ಹುರಿದಳು. ಶರಾವತಿಯ ತಂಬುಳಿ
ಮುಚ್ಚಳದೊಳಗೇ ಮುಖ ತಿರುಗಿಸಿತು.
ಮರುದಿನ ಇಂಡಕ್ಷನ್ ಒಲೆ ಬಂತು, ಶರಾವತಿಗೆ.
ಅದರ ಮರುದಿನ ತವರಿನಿಂದ
ಸೀಮೆಎಣ್ಣೆ ಸ್ಟವ್ ಹೊತ್ತು ತಂದಳು ಅನ್ಸಿಲ್ಲಾ, ಹಟಕ್ಕೆ.
ಗ್ಯಾಸು ಉಳಿದದ್ದು
ಅಡುಗೆಯೇ ಬಾರದ ನನ್ನ ಪಾಲಿಗೆ.
ಕಟ್ಟೆಯ ಮೇಲೆ ಬಿಳಿ ಟೇಪು ಹಚ್ಚಿ ಗಡಿ ಎಳೆದೆವು.
ಮಾಜಾಳಿ ಚೆಕ್‌ಪೋಸ್ಟಿನಲ್ಲೂ ಇಷ್ಟು ತಪಾಸಣೆ ಇಲ್ಲ.
ಒಂದು ಬೆಳ್ಳುಳ್ಳಿ ಎಸಳು ಗಡಿ ದಾಟಿದ್ದಕ್ಕೆ
ಎರಡು ದಿನ ಮಾತು ಬಂದ್.

ಹೀಗಿರಲು ಒಂದು ಭಾನುವಾರ ಜನಗಣತಿಯ ಮೇಷ್ಟ್ರು.
ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೋನು, ಮೈತುಂಬ ಬೆವರು.
'ಒಂದೇ ಒಲೆಯಲ್ಲಿ ಉಂಡರೆ ಒಂದು ಕುಟುಂಬ. ಇಲ್ಲಿ ಎಷ್ಟು ಒಲೆ?'
'ಮೂರು.'
ಅಕ್ಕತಂಗಿಯರೆಂಬ ಸುಳ್ಳಿನ ನಂತರ
ನಾವು ಒಂದೇ ಉಸಿರಿಗೆ ಹೇಳಿದ್ದು ಇದೊಂದೇ.
'ಹಾಗಾದರೆ ಮೂರು ಕುಟುಂಬ ಬರೀತೇನೆ.'
ಶರಾವತಿಯ ಮುಖ ಬಿಳಿಚಿತು. ಖಜಾನೆಯ ತಲೆ ಅದು:
'ಓನರ್ ಮೂರು ಬಾಡಿಗೆ ಕೇಳ್ತಾನೆ!'
ಮೇಷ್ಟ್ರು ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡು
'ನಿನ್ನೆ ಯಾವ ಒಲೆ ಹಚ್ಚಿದಿರಿ, ಅದನ್ನಾದರೂ ಹೇಳಿ' ಎಂದರು.

ನಿನ್ನೆ
ಕರೆಂಟಿರಲಿಲ್ಲ, ಇಂಡಕ್ಷನ್ ತಣ್ಣಗೆ ಸತ್ತಿತ್ತು.
ಸೀಮೆಎಣ್ಣೆ ಈಗೆಲ್ಲಿ ಸಿಗುತ್ತದೆ, ಆ ಸ್ಟವ್ ಬರೇ ಹಟ.
ನಾನು ಡಬಲ್ ಡ್ಯೂಟಿ ಮುಗಿಸಿ ಜ್ವರ ಹೊತ್ತು ಬಂದಿದ್ದೆ.
ನನ್ನ ಗ್ಯಾಸಿನ ಮೇಲೆ ಯಾರದೋ ಕುಕ್ಕರಿನಲ್ಲಿ ಗಂಜಿ.
ಹೆಸರು ಬರೆದ ಕಾಯಿ ಒಡೆದಿತ್ತು.
ಸಿಗಡಿ ಚಟ್ನಿಯ ಡಬ್ಬಿ ಹಿಡಿದು ಅನ್ಸಿಲ್ಲಾ
ಟೇಪಿನ ಈಚೆ ನಿಂತೇ ಇದ್ದಳು.
ಶರಾವತಿ ಗೋಡೆಗೆ ಮುಖ ಮಾಡಿ
'ಬಡಿಸು ಅವಳಿಗೆ, ಬೇಗ. ನಾ ನೋಡ್ತಾ ಇಲ್ಲೆ' ಎಂದಳು.

ಇದನ್ನೆಲ್ಲ ಮೇಷ್ಟ್ರಿಗೆ ಯಾರು ಹೇಳುತ್ತಾರೆ.
'ಒಂದು' ಎಂದೆ, ಚಿಲ್ಲರೆ ಕೊಡುವ ದನಿಯಲ್ಲಿ.

'ಸರಿ. ಕುಟುಂಬದ ಮುಖ್ಯಸ್ಥರು?'
ಮತ್ತೆ ಶುರು.
'ವಯಸ್ಸಲ್ಲಿ ದೊಡ್ಡವರು ಯಾರೋ ಅವರ ಹೆಸರು ಸಾಕು,' ಪಾಪ, ಎಂದರು.
ಮೂವರೂ ತಕ್ಷಣ ಚಿಕ್ಕವರಾದೆವು.
ಶರಾವತಿಗೆ ತಾನು ಹುಟ್ಟಿದ ವರ್ಷವೇ ಮರೆತುಹೋಯಿತು.
'ಇದು ತುಂಬದೆ ಆಪ್ ಮುಂದೆ ಹೋಗುವುದಿಲ್ಲ ತಾಯೀ' ಎಂದು
ಸೋತು, ಕುಡಿಯಲು ನೀರು ಕೇಳಿದರು.
ಮೂರು ಕಡೆಯಿಂದ ಮೂರು ಲೋಟ ಬಂತು,
ಒಂದರಲ್ಲಿ ಮಜ್ಜಿಗೆ, ಒಂದರಲ್ಲಿ ಕೋಕಂ,
ನನ್ನದರಲ್ಲಿ ನೀರು.
ಯಾರಿಗೂ ಬೇಜಾರಾಗಬಾರದೆಂದು ಮೂರನ್ನೂ ಕುಡಿದರು.
ಆಮೇಲೆ, ಸಣ್ಣ ದನಿಯಲ್ಲಿ, 'ಬಚ್ಚಲೆಲ್ಲಿ?'

ಕುರ್ಚಿಯ ಮೇಲೆ ಬಿಟ್ಟುಹೋದ ಫೋನು
ಇನ್ನೂ ಮುಖ್ಯಸ್ಥರನ್ನು ಕೇಳುತ್ತ ಬೆಳಗುತ್ತಿತ್ತು.
ನಾವು ಅದರ ಕಡೆ ನೋಡಲಿಲ್ಲ.
ಒಳಗೆ ಬಕೆಟ್ಟು ಬೋರಲಾದ ಸದ್ದು.
'ಅರೆ! ಇಲ್ಲಿಂದ ಸಮುದ್ರ ಕಾಣ್ತದಲ್ಲ!'
'ಐನೂರು ರೂಪಾಯಿ' ಎಂದೆವು ಹೊರಗಿನಿಂದ,
ಮೂವರೂ.